‘ಬೀಗರು ಏನಂದ್ಕೊಂಡಾರು?’: ಸಲಿಂಗಿಗಳ ಬಗ್ಗೆ ಮನೆಯಲ್ಲಿ ಮಾತಾಡುವ ಬಗೆ

ಮಂಡ್ಯ ಸೀಮೆಯ ಮನೆಯೊಂದರಲ್ಲಿ ಮಗ ಸಲಿಂಗಿ ಎಂದು ತಿಳಿದರೆ ಮೊದಲು ಏಳುವ ಪ್ರಶ್ನೆ, ‘ಬೀಗರು ಏನಂದ್ಕೊಂಡಾರು?’ ತಮಗೆ ಏನನ್ನಿಸುತ್ತದೆ ಎಂಬ ಯೋಚನೆ ಆಮೇಲಿನದು. ಹಾಗಾಗಿ ಯಾರು ಯಾರ ಮಾತಿಗೆ ಕಿವಿಗೊಡುತ್ತಾರೆ ಎಂದು ಮೊದಲು ಬರೆದುಕೊಳ್ಳಿ. ಅಪ್ಪನಿಗೆ ಹಾಲಿನ ಡೇರಿಯ ಸೆಕ್ರೆಟರಿ, ಅವ್ವನಿಗೆ ಸ್ತ್ರೀಶಕ್ತಿ ಸಂಘದ ಗೆಳತಿಯರು, ತಮ್ಮನಿಗೆ ಮೊಬೈಲು. ಎಲ್ಲರನ್ನೂ ಒಪ್ಪಿಸಲು ಹೊರಡಬೇಡಿ. ಉಳಿದವರು ಯಾರ ಮುಖ ನೋಡುತ್ತಾರೋ ಅಂಥ ಇಬ್ಬರು ಸಾಕು.

ಅವರ ಜೊತೆಗೂ ಒಬ್ಬೊಬ್ಬರಾಗಿಯೇ ಮಾತಾಡಿ. ಅರಳಿಕಟ್ಟೆಯಲ್ಲಿ ಎತ್ತಿದರೆ ಒಳಗೊಳಗೆ ಮೆತ್ತಗಿರುವವರೂ ಜೋರಾಗಿ ಬಯ್ಯುತ್ತಾರೆ. ಉಳಿದವರೆಲ್ಲ ವಿರೋಧಿಗಳು ಎಂದುಕೊಂಡೇ ಪ್ರತಿಯೊಬ್ಬರೂ ವಿರೋಧಿಸುವುದರಿಂದ, ಯಾರಿಗೂ ಪೂರ್ತಿ ಮನಸ್ಸಿಲ್ಲದ ಮಾತು ಊರಿನ ಮಾತಾಗಿ ನಿಂತುಬಿಡುತ್ತದೆ.

ಹತ್ತು ನಿಮಿಷ ಸಾಕು. ಅಮೆರಿಕದ ಮಯಾಮಿಯಲ್ಲಿ ಮನೆಬಾಗಿಲಿಗೆ ಹೋಗಿ ಅಷ್ಟು ಹೊತ್ತು ಮಾತಾಡಿದ್ದಕ್ಕೇ ಟ್ರಾನ್ಸ್‌ಜೆಂಡರ್ ಜನರ ಬಗೆಗಿನ ಪೂರ್ವಗ್ರಹ ತಗ್ಗಿತು, ಕನಿಷ್ಠ ಮೂರು ತಿಂಗಳು ಹಾಗೇ ಉಳಿಯಿತು ಎಂದು 2016ರ ಅಧ್ಯಯನವೊಂದು ತೋರಿಸಿದೆ. ಅಲ್ಲಿ ನಡೆದದ್ದು ವಾದವಲ್ಲ, ಕೇಳಿಸಿಕೊಳ್ಳುವುದು. ‘ಬೇರೆಯವರ ಥರ ಇಲ್ಲ ಅಂತ ನಿನ್ನನ್ನ ಯಾರಾದ್ರೂ ಜರಿದಿದ್ರಾ ಚಿಕ್ಕವ್ವ?’ ಎಂದು ಕೇಳಿ. ಮಕ್ಕಳಾಗಲಿಲ್ಲವೆಂದೋ ಗಂಡ ತೀರಿದನೆಂದೋ ಕೇಳಬೇಕಾಗಿ ಬಂದ ಮಾತುಗಳು ಹೊರಬರುತ್ತವೆ. ಪೂರ್ತಿ ಹೇಳಿಕೊಳ್ಳಲಿ. ನಡುವೆ ನಿಮ್ಮ ವಿಷಯ ತುರುಕಿದರೆ ಆಕೆ ಬಾಯಿ ಮುಚ್ಚಿಕೊಳ್ಳುತ್ತಾರೆ, ಕೆಲಸ ಕೆಡುತ್ತದೆ.

ಕಾನೂನು ಕೇಳಿದಾಗ ಮಾತ್ರ ಹೇಳಿ. 2018ರ ಸೆಪ್ಟೆಂಬರ್ 6ರಿಂದ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ. ಮದುವೆಗೆ ಮನ್ನಣೆಯನ್ನು ಸುಪ್ರೀಂ ಕೋರ್ಟ್ 2023ರಲ್ಲಿ ಕೊಡಲಿಲ್ಲ. ಕೊಟ್ಟಿದೆ ಎಂದು ಬಾಯಿತಪ್ಪಿಯೂ ಹೇಳಬೇಡಿ, ಒಂದು ಸುಳ್ಳು ಸಿಕ್ಕರೆ ಉಳಿದದ್ದನ್ನೂ ನಂಬುವುದಿಲ್ಲ. ‘ಮೈಸೂರಲ್ಲಿ ಡಾಕ್ಟರಿಗೆ ತೋರಿಸಿ ವಾಸಿ ಮಾಡ್ಸೋಣ’ ಎನ್ನುವವರಿಗೆ ಎರಡು ಮಾತು: ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ರೋಗಗಳ ಪಟ್ಟಿಯಿಂದ ತೆಗೆಯಿತು; ‘ಬದಲಾಯಿಸುವ’ ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿತು.

ಜೋಗತಿ ನೃತ್ಯದ ಕಲಾವಿದೆ, ಟ್ರಾನ್ಸ್‌ಜೆಂಡರ್ ಮಹಿಳೆ ಪದ್ಮಶ್ರೀ ಮಂಜಮ್ಮ ಜೋಗತಿಯವರ ಹೆಸರು ಹೇಳಿದರೆ ಹಿರಿಯರು ಗೌರವದಿಂದ ಕೇಳುತ್ತಾರೆ, ನಿಜ. ಆದರೆ ‘ಅವರು ದೇವರಿಗೆ ಬಿಟ್ಟವರು’ ಎಂದು ಬೇರೆ ಇಟ್ಟುಬಿಡುವುದೂ ಉಂಟು. ಆ ಗೌರವ ಪಕ್ಕದ ಮನೆಯ ಹುಡುಗನವರೆಗೆ ತಾನಾಗಿ ಹರಿಯುವುದಿಲ್ಲ.

ಎಂದೂ ಮಾಡಬಾರದ ತಪ್ಪೊಂದಿದೆ: ಉದಾಹರಣೆಗೆಂದು ‘ನಮ್ಮ ಬೀದಿ ಹುಡುಗನೂ ಹಂಗೇ’ ಎನ್ನುವುದು. ವಾರದೊಳಗೆ ಅವನಿಗೆ ಹೆಣ್ಣು ನೋಡಲು ಶುರುವಾಗಬಹುದು, ಇಲ್ಲವೇ ಅವನು ಮನೆ ಬಿಡಬೇಕಾಗಬಹುದು. ಅವನೇ ಒಪ್ಪದೆ ಹೆಸರು, ಊರು, ಸುಳಿವು ಯಾವುದೂ ಬೇಡ. ಅಂಥ ಸಂಕಟದಲ್ಲಿರುವವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಕೊಡಿ. ಕರೆ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಟೀವಿ ನೋಡುತ್ತಾ ಯಾರಾದರೂ ಹೀನಾಯವಾಗಿ ನಕ್ಕರೆ ‘ಆ ಮಾತು ಬೇಡ ಮಾವ’ ಎಂದು ಒಮ್ಮೆ ಹೇಳಿ, ಅಲ್ಲಿಗೇ ನಿಲ್ಲಿಸಿ. ಉಳಿದದ್ದನ್ನು ಮಾರನೆಯ ದಿನ ಅವರೊಬ್ಬರೇ ಇರುವಾಗ ಆಡಿ.