ಬೀರುವಿನಲ್ಲಿ ನಿಂತುಹೋದ ಕೀ ವಾಚನ್ನು ಮತ್ತೆ ನಡೆಸುವುದು ಹೇಗೆ?

ನಮ್ಮ ಎಷ್ಟೋ ಮನೆಗಳ ಬೀರುವಿನ ಸೇಫಿನಲ್ಲಿ, ಹಳೆಯ ಪಾಸ್‌ಬುಕ್ಕು ಮತ್ತು ಚಲಾವಣೆ ತಪ್ಪಿದ ನಾಣ್ಯಗಳ ನಡುವೆ, ನಿಂತುಹೋದ ಒಂದು ಎಚ್‌ಎಂಟಿ ವಾಚು ಇರುತ್ತದೆ. ತಾತನಿಗೆ ನಿವೃತ್ತಿಯ ದಿನ ಕಚೇರಿಯವರು ಕೊಟ್ಟದ್ದೋ, ಅಪ್ಪನಿಗೆ ಮದುವೆಯಲ್ಲಿ ಮಾವನ ಮನೆಯವರು ಕಟ್ಟಿದ್ದೋ ಆಗಿರುವ ಅದನ್ನು ಕೆಟ್ಟುಹೋಗಿದೆಯೆಂದು ಮನೆಯವರು ಮರೆತೇಬಿಟ್ಟಿರುತ್ತಾರೆ. ನಾನು ಕಂಡ ಮಟ್ಟಿಗೆ ಇಂಥ ವಾಚುಗಳಲ್ಲಿ ಹೆಚ್ಚಿನವು ಕೆಟ್ಟಿರುವುದಿಲ್ಲ. ಒಳಗಿನ ಎಣ್ಣೆ ಒಣಗಿ ನಿಂತಿರುತ್ತವೆ, ಅಷ್ಟೆ. ಅವುಗಳನ್ನು ನಿಜವಾಗಿ ಕೆಡಿಸುವುದು ಮತ್ತೆ ನಡೆಸುವ ಭರದಲ್ಲಿ ನಾವು ಮಾಡುವ ಅವಸರ.

ಬೆಂಗಳೂರಿನಲ್ಲಿ 1953ರಲ್ಲಿ ಆರಂಭವಾದ ಹಿಂದೂಸ್ತಾನ್ ಮಷಿನ್ ಟೂಲ್ಸ್ ಕಂಪನಿಯು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ವಾಚು ತಯಾರಿಕೆಗೆ ಇಳಿಯಿತು. ಜನತಾ, ಪೈಲಟ್, ಕಾಂಚನ್, ಕೊಹಿನೂರ್ ಎಂಬ ಹೆಸರುಗಳನ್ನು ಒಂದು ಇಡೀ ತಲೆಮಾರು ಮರೆತಿಲ್ಲ. ದೃಷ್ಟಿ ಇಲ್ಲದವರು ಬೆರಳಿನಿಂದ ಮುಟ್ಟಿ ಹೊತ್ತು ತಿಳಿಯಬಹುದಾದ ಬ್ರೈಲ್ ವಾಚನ್ನೂ ಈ ಸಂಸ್ಥೆ ತಯಾರಿಸಿತ್ತು. ವಾಚು ವಿಭಾಗವನ್ನು ಮುಚ್ಚುವುದಕ್ಕೆ ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ನೀಡಿತು. ಕಾರ್ಖಾನೆಯಿಂದ ಹೊಸ ಬಿಡಿಭಾಗ ಬರುವ ಕಾಲ ಮುಗಿದಿರುವುದರಿಂದ ಕೈಯಲ್ಲಿರುವುದನ್ನು ಮುರಿಯದಂತೆ ನೋಡಿಕೊಳ್ಳುವುದೇ ಮುಖ್ಯ.

ಮೊದಲು ಜಾತಿ ಗುರುತಿಸಿ

ಸೆಕೆಂಡಿನ ಮುಳ್ಳು ಪ್ರತಿ ಸೆಕೆಂಡಿಗೆ ಒಮ್ಮೆ ಜಿಗಿದು ನಿಲ್ಲುತ್ತಿದ್ದರೆ ಅದು ಬ್ಯಾಟರಿಯ ಕ್ವಾರ್ಟ್ಸ್ ವಾಚು. 1969ರ ಡಿಸೆಂಬರ್ 25ರಂದು ಜಪಾನಿನ ಸೈಕೋ ಕಂಪನಿ ಮೊದಲ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರಾಟಕ್ಕಿಟ್ಟಿತು. ಇಂದಿನ ಕ್ವಾರ್ಟ್ಸ್ ವಾಚುಗಳಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 32,768 ಬಾರಿ ಕಂಪಿಸುವ ಸ್ಫಟಿಕದ ಚೂರು ಇರುತ್ತದೆ. ನಿಮ್ಮದು ಇದಾಗಿದ್ದರೆ ಒಳಗಿನ ಹಳೆಯ ಸೆಲ್ ಅನ್ನು ಇಂದೇ ತೆಗೆಸಿ. ಅದು ಸೋರಿದರೆ ಸರ್ಕ್ಯೂಟ್ ತಿಂದುಹಾಕುತ್ತದೆ. ಮುಳ್ಳು ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಜಾರಿದಂತೆ ಸಾಗುವುದು ಯಾಂತ್ರಿಕ ವಾಚಿನಲ್ಲಿ. ವಾಚು ಸದ್ಯಕ್ಕೆ ನಿಂತಿದೆಯಾದ್ದರಿಂದ, ಅದನ್ನು ಕಿವಿಯ ಬಳಿ ಹಿಡಿದು ಮೆಲ್ಲಗೆ ಓಲಾಡಿಸಿ. ಒಳಗೆ ಏನೋ ತಿರುಗಿದ ಸದ್ದು ಬಂದರೆ ಅದು ಕೈಯ ಚಲನೆಯಿಂದ ತಾನೇ ಕೀ ತುಂಬಿಕೊಳ್ಳುವ ಆಟೊಮ್ಯಾಟಿಕ್. ಸದ್ದೇ ಇಲ್ಲದೆ, ಪಕ್ಕದ ಗುಬ್ಬಿ ತಿರುಗಿಸಿದಾಗ ಕಿರುಕಿರು ಎಂದರೆ ಅದು ಕೀ ಕೊಡುವ ವಾಚು. ಮುಂದಿನ ಮಾತೆಲ್ಲ ಇದಕ್ಕೆ ಸಂಬಂಧಿಸಿದ್ದು.

ಕೀ ಕೊಡುವ ರೀತಿ

ವಾಚನ್ನು ಕೈಯಿಂದ ಬಿಚ್ಚಿಯೇ ಕೀ ಕೊಡಬೇಕು, ಏಕೆಂದರೆ ಕಟ್ಟಿಕೊಂಡಿರುವಾಗ ಗುಬ್ಬಿಯ ಒಳಕಡ್ಡಿ ಓರೆಯಾಗಿ ಒತ್ತಲ್ಪಟ್ಟು ಕ್ರಮೇಣ ಸವೆಯುತ್ತದೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಗುಬ್ಬಿಯನ್ನು ಹಿಡಿದು ಮುಂದಕ್ಕೆ ತಿರುಗಿಸುತ್ತಾ ಹೋದರೆ ಇಪ್ಪತ್ತು ಮೂವತ್ತು ಸುತ್ತಿನ ನಂತರ ಅದು ಬಿಗಿಯಾಗಿ ನಿಲ್ಲುತ್ತದೆ, ಅಲ್ಲಿಗೆ ಬಿಟ್ಟುಬಿಡಿ. ಹೆಚ್ಚು ಕೀ ಕೊಟ್ಟರೆ ವಾಚು ಕೆಡುತ್ತದೆಯೆಂಬ ಭಯದಿಂದ ಅರ್ಧಕ್ಕೇ ನಿಲ್ಲಿಸುವವರಿದ್ದಾರೆ. ಪೂರ್ತಿ ಕೀಯಿಂದ ವಾಚು ಕೆಡುವುದಿಲ್ಲ, ಬಿಗಿಯಾದ ಮೇಲೂ ಬಲ ಹಾಕಿದರೆ ಕೆಡುತ್ತದೆ. ಎರಡೇ ಸುತ್ತಿಗೆ ಗುಬ್ಬಿ ಬಿಗಿಯಾದರೆ ಸ್ಪ್ರಿಂಗು ಮೊದಲೇ ತುಂಬಿದೆ, ತಡೆ ಬೇರೆಲ್ಲೋ ಇದೆ ಎಂದು ತಿಳಿಯಬೇಕು.

ಕೀ ತುಂಬಿಯೂ ವಾಚು ನಡೆಯದಿದ್ದರೆ, ಅಥವಾ ಹತ್ತು ನಿಮಿಷ ನಡೆದು ನಿಂತರೆ, ಅದನ್ನು ಅಂಗೈಗೆ ತಟ್ಟಿ ಎಬ್ಬಿಸಬೇಡಿ. ಜನತಾ ವಾಚಿನ ಡಯಲ್ ಮೇಲೆ '17 ಜ್ಯುವೆಲ್ಸ್' ಎಂದಿರುವುದು ಅಲಂಕಾರಕ್ಕಲ್ಲ. ಕೂದಲೆಳೆಯಷ್ಟು ತೆಳುವಾದ ಉಕ್ಕಿನ ತುದಿಗಳು ತಿರುಗುವ ಕಡೆ ಉಜ್ಜಾಟ ತಗ್ಗಿಸಲು ಕೂರಿಸಿದ ಕೃತಕ ಮಾಣಿಕ್ಯದ ಹರಳುಗಳವು. (ಮಾರಿದರೆ ಅವಕ್ಕೆ ಬೆಲೆ ಇಲ್ಲ, ಕೇಳಿಕೊಂಡು ಬಂದವರನ್ನು ನಂಬಬೇಡಿ.) ಆ ಹರಳಿನ ಗುಳಿಯಲ್ಲಿ ನಿಂತ ಎಣ್ಣೆಯ ಕಣವೊಂದು ವರ್ಷಗಳ ಮೇಲೆ ಅಂಟಾಗಿರುತ್ತದೆ. ತಟ್ಟಿ ನಡೆಸಿದರೆ ಆ ಅಂಟಿನಲ್ಲೇ ಉಕ್ಕು ಸವೆಯುತ್ತದೆ. ಹಿಂಬದಿ ಬಿಚ್ಚಿ ಕೊಬ್ಬರಿ ಎಣ್ಣೆಯನ್ನೋ ಹೊಲಿಗೆ ಯಂತ್ರದ ಎಣ್ಣೆಯನ್ನೋ ಬಿಡುವುದಂತೂ ಇನ್ನೂ ಕೆಟ್ಟದ್ದು, ಏಕೆಂದರೆ ಅದು ಎಲ್ಲೆಡೆ ಹರಡಿ ಧೂಳನ್ನು ಹಿಡಿದಿಡುತ್ತದೆ.

ಒಂದು ದಿನದ ಲೆಕ್ಕ

ವಾಚು ನಡೆಯತೊಡಗಿದರೆ ಬೆಳಿಗ್ಗೆ ಮೊಬೈಲಿನ ಸಮಯಕ್ಕೆ ಸರಿಹೊಂದಿಸಿ, ಡಯಲ್ ಮೇಲ್ಮುಖವಾಗಿ ಮೇಜಿನ ಮೇಲಿಟ್ಟು, 24 ಗಂಟೆಯ ಬಳಿಕ ಎಷ್ಟು ವ್ಯತ್ಯಾಸವಾಗಿದೆ ಎಂದು ಬರೆದಿಟ್ಟುಕೊಳ್ಳಿ. ಮರುದಿನ ಮತ್ತೆ ಪೂರ್ತಿ ಕೀ ಕೊಟ್ಟು, ಗುಬ್ಬಿ ಮೇಲೆ ಬರುವಂತೆ ನಿಲ್ಲಿಸಿಟ್ಟು ಅದೇ ರೀತಿ ನೋಡಿ. ಜನತಾ ವಾಚಿನ ಚಕ್ರ ಗಂಟೆಗೆ 18,000 ಬಾರಿ, ಅಂದರೆ ಸೆಕೆಂಡಿಗೆ ಐದು ಬಾರಿ ಬಡಿಯುತ್ತದೆ. ದಿನಕ್ಕೆ 4,32,000 ಬಡಿತ. ಅದು ದಿನಕ್ಕೆ ಅರ್ಧ ನಿಮಿಷ ತಪ್ಪಿದರೆ ತಪ್ಪು ಮೂರು ಸಾವಿರಕ್ಕೆ ಸುಮಾರು ಒಂದು ಪಾಲು ಮಾತ್ರ. ಅರ್ಧ ಶತಮಾನ ದಾಟಿದ ವಾಚಿಗೆ ಇದು ಅವಮಾನವಲ್ಲ.

ಇಂಥ ನಿಖರತೆ ಸುಲಭವಾಗಿ ಬಂದದ್ದಲ್ಲ. ನಮ್ಮ ಮದುವೆ ಮನೆಗಳಲ್ಲಿ ಮುಹೂರ್ತ ನೋಡಲು ನೀರಿನ ಮೇಲೆ ತೇಲಿಬಿಡುತ್ತಿದ್ದ ಗಳಿಗೆ ಬಟ್ಟಲು ತಳದ ಸಣ್ಣ ತೂತಿನಿಂದ ನೀರು ತುಂಬಿ ಮುಳುಗಿದರೆ ಒಂದು ಗಳಿಗೆ, ಅಂದರೆ 24 ನಿಮಿಷ. ದಿನಕ್ಕೆ ಅಂಥ 60. ಡಚ್ ವಿಜ್ಞಾನಿ ಕ್ರಿಶ್ಚಿಯಾನ್ ಹೈಗನ್ಸ್ 1656ರಲ್ಲಿ ಲೋಲಕದ ಗಡಿಯಾರವನ್ನು ರೂಪಿಸಿದ. ಆದರೆ ತೂಗಾಡುವ ಲೋಲಕವನ್ನು ಜೇಬಿನಲ್ಲಿಟ್ಟು ನಡೆಯಲಾಗದು. 1675ರಲ್ಲಿ ಅವನೇ ಪ್ರಕಟಿಸಿದ ಉಪಾಯವೆಂದರೆ ಸುರುಳಿ ಸ್ಪ್ರಿಂಗು ಕಟ್ಟಿದ, ಹಿಂದಕ್ಕೂ ಮುಂದಕ್ಕೂ ಓಲಾಡುವ ಪುಟ್ಟ ಚಕ್ರ. ನಿಮ್ಮ ವಾಚಿನ ಬೆನ್ನು ಬಿಚ್ಚಿದಾಗ ಉಸಿರಾಡುವಂತೆ ಹಿಗ್ಗಿ ಕುಗ್ಗುತ್ತ ಕಾಣುವ ಹೇರ್ ಸ್ಪ್ರಿಂಗು ಅದೇ.

ವಾಚು ಇದ್ದಕ್ಕಿದ್ದಂತೆ ದಿನಕ್ಕೆ ಹಲವು ನಿಮಿಷ ಮುಂದೆ ಓಡತೊಡಗಿದರೆ ಮೊದಲ ಅನುಮಾನ ಈ ಸ್ಪ್ರಿಂಗಿನ ಮೇಲೆಯೇ. ಸ್ಪೀಕರ್, ಮ್ಯಾಗ್ನೆಟ್ ಇರುವ ಮೊಬೈಲ್ ಕವರ್ ಮುಂತಾದವುಗಳ ಬಳಿ ಇಟ್ಟಾಗ ಅದು ಅಯಸ್ಕಾಂತವಾಗಿ, ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು, ಸ್ಪ್ರಿಂಗಿನ ಉದ್ದವೇ ಕಡಿಮೆಯಾದಂತಾಗಿ ಚಕ್ರ ಬೇಗ ಬೇಗ ಓಲಾಡುತ್ತದೆ. ಮಕ್ಕಳ ಜಾಮಿಟ್ರಿ ಬಾಕ್ಸಿನಲ್ಲಿ ಸಿಗುವಂಥ ಪುಟ್ಟ ದಿಕ್ಸೂಚಿಯ ಮೇಲೆ ವಾಚನ್ನು ಹಿಡಿದು ಸರಿಸಿ. ಸೂಜಿ ಜೋರಾಗಿ ಹೊರಳಿದರೆ ಕಾರಣ ಸಿಕ್ಕಂತೆ. ರಿಪೇರಿ ಅಂಗಡಿಯ ಡೀಮ್ಯಾಗ್ನೆಟೈಸರ್‌ನಲ್ಲಿ ಇದು ಒಂದು ನಿಮಿಷದ ಕೆಲಸ.

ಅಂಗಡಿಯಲ್ಲಿ ಏನು ಕೇಳಬೇಕು?

ಒಣಗಿದ ವಾಚಿಗೆ ಬೇಕಾದದ್ದು ಪೂರ್ತಿ ಸರ್ವಿಸ್: ಯಂತ್ರವನ್ನು ಬಿಡಿಬಿಡಿಯಾಗಿ ಬಿಚ್ಚಿ, ತೊಳೆದು, ಜೋಡಿಸಿ, ಆಯಾ ಜಾಗಕ್ಕೆ ತಕ್ಕ ಎಣ್ಣೆ ಹಾಕುವುದು. ಪೆಟ್ರೋಲಿನಲ್ಲಿ ಒಮ್ಮೆ ಮುಳುಗಿಸಿ ಕೊಡುವುದನ್ನೂ ಕೆಲವರು ಸರ್ವಿಸ್ ಎಂದೇ ಕರೆಯುವುದರಿಂದ, ಬಿಚ್ಚಿ ತೊಳೆಯುತ್ತೀರಾ ಎಂದು ಮೊದಲೇ ಕೇಳಿಕೊಳ್ಳಿ. ಬಿಡುವ ಮೊದಲು ಡಯಲ್, ಮುಳ್ಳು ಮತ್ತು ಬೆನ್ನಿನ ಫೋಟೊ ತೆಗೆದುಕೊಳ್ಳಿ. ಬೇಡವೆಂದು ಬಾಯಿಬಿಟ್ಟು ಹೇಳಬೇಕಾದದ್ದು ಒಂದೇ, ಡಯಲ್‌ಗೆ ಹೊಸ ಬಣ್ಣ. ನನ್ನ ಸೋದರಮಾವನ ಜನತಾ ವಾಚಿನ ಕೆನೆಬಣ್ಣದ ಡಯಲ್ ಅನ್ನು ಅಂಗಡಿಯವರೊಬ್ಬರು 'ಚೆಂದ ಮಾಡಿ' ಕಡುನೀಲಿಗೆ ತಿರುಗಿಸಿಕೊಟ್ಟರು. ಅಕ್ಷರಗಳು ಓರೆಯಾಗಿವೆ, ನಿಮಿಷದ ಗೆರೆಗಳು ಒಂದಷ್ಟು ಮಾಯವಾಗಿವೆ, ವಾಚು ಮಾತ್ರ ಸರಿಯಾಗಿ ನಡೆಯುತ್ತಿದೆ.

ಗಾಜಿನ ಗೀರನ್ನು ನೀವೇ ತೆಗೆಯಬಹುದು. ಹಳೆಯ ಜನತಾ ವಾಚಿಗಿರುವುದು ಗಾಜಲ್ಲ, ಅಕ್ರಿಲಿಕ್. ಕಡಲೆಕಾಳಿನಷ್ಟು ಬಿಳಿ ಟೂತ್‌ಪೇಸ್ಟನ್ನು ಹತ್ತಿಬಟ್ಟೆಗೆ ಹಾಕಿ, ಎರಡು ಮೂರು ನಿಮಿಷ ಸುತ್ತುಸುತ್ತಾಗಿ ಉಜ್ಜಿ, ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ. ಆಳದ ಗೀರು ಹೋಗದಿದ್ದರೂ ಮಸುಕು ಹೋಗಿ ಡಯಲ್ ಸ್ಪಷ್ಟವಾಗುತ್ತದೆ. ನಲ್ಲಿಯ ಕೆಳಗೆ ಮಾತ್ರ ಹಿಡಿಯಬೇಡಿ, ಇಷ್ಟು ಹಳೆಯ ವಾಚಿನೊಳಕ್ಕೆ ನೀರು ಇಳಿಯುವುದು ಖಂಡಿತ.

ಸರ್ವಿಸ್ ಆದ ಮೇಲೂ ದಿನಕ್ಕೆ ಹತ್ತು ಹದಿನೈದು ಸೆಕೆಂಡು ಮುಂದಿದ್ದರೆ, ಮೊದಲು ಬರೆದಿಟ್ಟ ಲೆಕ್ಕದಂತೆಯೇ ಇನ್ನೊಮ್ಮೆ ಪರೀಕ್ಷಿಸಿ ನೋಡಿ. ನಿಲ್ಲಿಸಿಟ್ಟಾಗ ಚಕ್ರದ ತುದಿಗಳಿಗೆ ಉಜ್ಜಾಟ ಹೆಚ್ಚಿ ಅನೇಕ ವಾಚುಗಳು ಸ್ವಲ್ಪ ನಿಧಾನವಾಗುತ್ತವೆ. ನಿಮ್ಮದೂ ಹಾಗೆಯೇ ಆದರೆ ರಾತ್ರಿ ಮಲಗುವಾಗ ಗುಬ್ಬಿ ಮೇಲಾಗಿ ಲೋಟಕ್ಕೆ ಒರಗಿಸಿಟ್ಟು, ಬೆಳಿಗ್ಗೆ ಕೀ ಕೊಟ್ಟು ಕಟ್ಟಿಕೊಳ್ಳಿ. ಹಗಲಿನಲ್ಲಿ ಮುಂದೆ ಓಡಿದ್ದನ್ನು ಅದು ರಾತ್ರಿ ಹಿಂದಕ್ಕೆ ಕೊಟ್ಟಿರುತ್ತದೆ.