ಮನೆಯ ಮರಗೆಲಸಕ್ಕೆ ಧೂಳು ಎಳೆಯುವ ಮಷಿನ್: ನನಗೆ ಬುದ್ಧಿ ಬಂದದ್ದು ಬೇಳೆ ಮಿಲ್ಲಿನಲ್ಲಿ

ಬೇವಿನ ಕಟ್ಟಿಗೆ ಕೊಯ್ದ ದಿನ ರಾತ್ರಿ ಊಟ ಕಹಿಯಾಗಿತ್ತು. ಪಲ್ಯ ಕಹಿ, ರೊಟ್ಟಿ ಕಹಿ, ಕೊನೆಗೆ ಮಜ್ಜಿಗೆಯೂ ಕಹಿ. ಹೆಂಡತಿ ಪಲ್ಯದ ರುಚಿ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. "ಅಡಗಿ ಛಲೋ ಅದ. ನಿಮ್ಮ ಬಾಯೇ ಕಹಿ ಆಗ್ಯದ. ಮೂಗಿನಾಗ ಏನ್ ತುಂಬ್ಯದ ನೋಡ್ಕೋರಿ ಒಮ್ಮೆ" ಅಂದಳು. ಕರ್ಚೀಫಿನಲ್ಲಿ ಒರೆಸಿಕೊಂಡರೆ ಕಂದು ಬಣ್ಣದ ಪುಡಿ. ಅವತ್ತು ಮೂರು ತಾಸು ಟೇಬಲ್ ಸಾ (ಮೇಜಿಗೆ ಕೂರಿಸಿದ ಗರಗಸ) ನಡೆಸಿ, ಅದೇ ಹಲಗೆಗಳಿಗೆ ಸ್ಯಾಂಡರ್ (ಉಜ್ಜಿ ನುಣುಪು ಮಾಡುವ ಮಷಿನ್) ಹೊಡೆದಿದ್ದೆ, ಕಿಟಕಿ ತೆರೆದಿದೆಯಲ್ಲ ಸಾಕು ಅಂದುಕೊಂಡು.

ಬೇವು ಕಹಿ ಇದ್ದದ್ದಕ್ಕೆ ಗೊತ್ತಾಯಿತು. ಸಾಗುವಾನಿ, ಜಾಲಿ, ಮರದ ನಾರಿಗೆ ಅಂಟು ಹಾಕಿ ಒತ್ತಿದ ಎಂಡಿಎಫ್ ಹಲಗೆ ಕೊಯ್ದಾಗಲೂ ಅಷ್ಟೇ ಪುಡಿ ಒಳಗೆ ಹೋಗಿರಬೇಕು, ಬಾಯಿಗೆ ತಿಳಿದಿರಲಿಲ್ಲ ಅಷ್ಟೆ.

ನಾನು ವೃತ್ತಿಯ ಬಡಿಗನಲ್ಲ. ಕಲಬುರಗಿಯ ಸೇಡಂ ರಸ್ತೆ ಕಡೆ ಮನೆ, ಹಿತ್ತಲಲ್ಲಿ ಹತ್ತು ಬೈ ಹದಿನಾಲ್ಕು ಅಡಿಯ ತಗಡಿನ ಶೆಡ್, ಕೆಳಗೆ ಶಹಾಬಾದ್ ಕಲ್ಲು. ಭಾನುವಾರ ಮತ್ತು ರಜಾ ದಿನ ಅಲ್ಲೇ ಇರುತ್ತೇನೆ. ಸ್ಟೂಲು, ಪುಸ್ತಕದ ಕಪಾಟು, ಮಣೆ, ನೆಂಟರಿಗೆ ಒಂದೆರಡು ಟೀಪಾಯಿ, ಇಷ್ಟೇ ನನ್ನ ಕೆಲಸ. ಆದರೂ ಈ ಧೂಳಿನ ವಿಷಯದಲ್ಲಿ ಎರಡು ವರ್ಷ ಒದ್ದಾಡಿದ್ದೇನೆ, ದುಡ್ಡೂ ಹಾಳು ಮಾಡಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಬೇವಿನ ಊಟದ ಮರುದಿನ ಮಧ್ಯಾಹ್ನ ಶೆಡ್ಡಿಗೆ ಹೋದೆ. ಬಾಗಿಲು ಹಾಕಿದ್ದೇ ಇತ್ತು, ಒಳಗೆ ಕತ್ತಲೆ. ತಗಡಿನಲ್ಲಿ ಮೊಳೆ ಕಿತ್ತ ಒಂದು ತೂತಿದೆ, ಅದರಿಂದ ಬಿಸಿಲಿನ ಕೋಲೊಂದು ನೆಲದವರೆಗೆ ಇಳಿದಿತ್ತು. ಆ ಕೋಲಿನೊಳಗೆ ಪುಡಿ ಆಡುತ್ತಿತ್ತು. ನಾನು ಬಾಗಿಲು ತೆಗೆದ ಗಾಳಿಗೇ ಎಲ್ಲಾ ಎದ್ದಿತ್ತು, ಕೆಳಗೆ ಕೂರುವ ಲಕ್ಷಣವೇ ಇಲ್ಲ. ಒಂದು ಚಹಾ ಕುಡಿದು ಬಂದು ನೋಡಿದೆ, ಇನ್ನೂ ತೇಲುತ್ತಲೇ ಇತ್ತು. ನಾವು ಪೊರಕೆ ಹಿಡಿದು ಗುಡಿಸಿ ಚೀಲ ತುಂಬುವ ಹೊಟ್ಟು ಇದೆಯಲ್ಲ, ಅದು ಮೂಗಿನಲ್ಲೇ ನಿಲ್ಲುತ್ತದೆ. ಶ್ವಾಸಕೋಶದ ತಳಕ್ಕೆ ಹೋಗುವುದು ಹತ್ತು ಮೈಕ್ರಾನಿಗಿಂತ ಸಣ್ಣದು. ತಲೆಕೂದಲು ಸುಮಾರು ಎಪ್ಪತ್ತು ಮೈಕ್ರಾನ್ ದಪ್ಪ, ಲೆಕ್ಕ ಹಾಕಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ, ಮುಖ್ಯವಾಗಿ ಮೂಗಿನ ಕ್ಯಾನ್ಸರಿನ ಕಾರಣಕ್ಕೆ. ಅದು ವರ್ಷಗಟ್ಟಲೆ ದಿನವಿಡೀ ಧೂಳಲ್ಲಿ ಇರುವವರ ಲೆಕ್ಕ, ಹೌದು. ಆದರೂ ಆ ಬಿಸಿಲಿನ ಕೋಲು ನೋಡಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ.

ಮೊದಲ ತಪ್ಪು, ಮನೆಯಲ್ಲಿದ್ದ ಸೋಫಾ ಗುಡಿಸುವ ವ್ಯಾಕ್ಯೂಮನ್ನೇ ಸ್ಯಾಂಡರಿಗೆ ಕಟ್ಟಿದ್ದು. ಹತ್ತು ನಿಮಿಷ ಚೆನ್ನಾಗಿ ಎಳೆಯಿತು. ಆಮೇಲೆ ಒಳಗಿನ ಬಟ್ಟೆ ಚೀಲದ ಕಣ್ಣೆಲ್ಲಾ ಮುಚ್ಚಿ, ಸದ್ದು ಸಣ್ಣಗಾಗಿ, ಸುಟ್ಟ ವಾಸನೆ ಬಂತು. ಅದು ಮೋಟರ್ ತಂಪಾಗಲು ತಾನು ಎಳೆದ ಗಾಳಿಯನ್ನೇ ನಂಬಿದ ಮಷಿನ್. ಗಾಳಿ ನಿಂತಿತು, ಮೋಟರ್ ಹೋಯಿತು. ಮನೆಯಲ್ಲಿ ಏನೇನು ಕೇಳಿಸಿಕೊಂಡೆ ಅಂತ ಇಲ್ಲಿ ಬರೆಯುವುದಿಲ್ಲ.

ಎರಡನೇ ತಪ್ಪು ಮಾಡುವುದರಲ್ಲಿದ್ದೆ, ಉಳಿದುಕೊಂಡೆ. ಡಸ್ಟ್ ಕಲೆಕ್ಟರ್, ಅಂದರೆ ಫ್ಯಾನಿನಿಂದ ಧೂಳು ಎಳೆದು ಚೀಲಕ್ಕೆ ತುಂಬುವ ಮಷಿನ್, ಕೊಳ್ಳಲು ಹೊರಟಿದ್ದೆ. "ಎಷ್ಟು ಎಚ್‌ಪಿ ತೊಗೊಳ್ಳಲಿ?" ಅಂತ ಎಲ್ಲರನ್ನೂ ಕೇಳುತ್ತಿದ್ದೆ, ಎಲ್ಲರೂ ಎರಡು ಎಚ್‌ಪಿ ಅನ್ನುತ್ತಿದ್ದರು, ಬೋರ್‌ವೆಲ್ ಮೋಟರ್ ಖರೀದಿ ಮಾಡುವಂತೆ. ಆದರೆ ನನ್ನ ಧೂಳಿನಲ್ಲಿ ಮುಕ್ಕಾಲು ಬರುತ್ತಿದ್ದದ್ದು ಸ್ಯಾಂಡರಿನಿಂದ. ಅದರಲ್ಲಿ ಧೂಳು ಹೊರಬೀಳುವ ಬಾಯಿ ಒಂದೂಕಾಲು ಇಂಚು. ಎರಡು ಎಚ್‌ಪಿ ಡಸ್ಟ್ ಕಲೆಕ್ಟರನ್ನು ಅದಕ್ಕೆ ಕಟ್ಟಿದರೆ ಏನೂ ಆಗುವುದಿಲ್ಲ. ಯಾಕೆ ಅಂತ ನನಗೆ ತಿಳಿದದ್ದು ನಮ್ಮ ಮನೆಯ ಕೂಲರ್ ನೋಡಿ. ಕೂಲರಿನ ಫ್ಯಾನು ಕೋಣೆ ತುಂಬ ಗಾಳಿ ಕೊಡುತ್ತದೆ, ಆದರೆ ಅದರ ಮುಂದೆ ಗೋಣಿಚೀಲ ಕಟ್ಟಿದರೆ ಅದನ್ನು ದಾಟಿ ನೂಕುವ ಶಕ್ತಿ ಅದಕ್ಕಿಲ್ಲ. ಡಸ್ಟ್ ಕಲೆಕ್ಟರ್ ಇದೇ ಜಾತಿ: ಗಾಳಿ ಜಾಸ್ತಿ, ಎಳೆತ ಕಡಿಮೆ, ನಾಲ್ಕು ಇಂಚಿನ ಪೈಪೇ ಬೇಕು. ವರ್ಕ್‌ಶಾಪ್ ವ್ಯಾಕ್ಯೂಮ್ ಇದಕ್ಕೆ ಉಲ್ಟಾ. ಗಾಳಿ ಕಡಿಮೆ, ಎಳೆತ ಜೋರು, ಎಳನೀರನ್ನು ಸ್ಟ್ರಾದಲ್ಲಿ ಎಳೆದ ಹಾಗೆ ಸಣ್ಣ ಪೈಪಿನಲ್ಲೂ ಎಳೆಯುತ್ತದೆ.

ಹಾಗಾಗಿ ಮಷಿನ್ ಕೊಳ್ಳುವ ಮೊದಲು ಧೂಳು ಹುಟ್ಟುವ ಬಾಯಿ ಅಳೆಯಿರಿ. ಸ್ಯಾಂಡರ್, ರೌಟರ್, ಜಿಗ್ ಸಾ, ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಸಾ ಇವಕ್ಕೆಲ್ಲ ವ್ಯಾಕ್ಯೂಮ್ ಸಾಕು. ರಂದಾ ಮಷಿನ್ ಇದ್ದರೆ, ಅಂದರೆ ಹಲಗೆಯನ್ನು ಒಂದೇ ದಪ್ಪಕ್ಕೆ ತರುವ ಪ್ಲೇನರ್, ವ್ಯಾಕ್ಯೂಮ್ ಕೈಕೊಡುತ್ತದೆ. ಅದು ಉಗುಳುವ ಚಕ್ಕೆ ಎರಡೇ ನಿಮಿಷಕ್ಕೆ ಪೈಪಿನಲ್ಲಿ ಕಟ್ಟಿಕೊಳ್ಳುತ್ತದೆ. ಅಲ್ಲಿ ಡಸ್ಟ್ ಕಲೆಕ್ಟರೇ ಬೇಕು.

ನಾನು ಮೂವತ್ತು ಲೀಟರಿನ, 1,400 ವ್ಯಾಟಿನ ಹಸಿ-ಒಣ ಎರಡೂ ಎಳೆಯುವ ವ್ಯಾಕ್ಯೂಮ್ ತೆಗೆದುಕೊಂಡೆ. ಸ್ಯಾಂಡರಿಗೆ ಕಟ್ಟಿ ಮೊದಲ ಸಲ ಹೊಡೆದಾಗ ನಂಬಲು ಆಗಲಿಲ್ಲ, ಹಲಗೆಯ ಮೇಲೆ ಬೆರಳಾಡಿಸಿದರೆ ಪುಡಿಯೇ ಇಲ್ಲ. ಎಮ್ರಿ ಪೇಪರ್ ಕೂಡ ಜಾಸ್ತಿ ದಿನ ಬಾಳಿಕೆ ಬರತೊಡಗಿತು, ಪುಡಿ ಮೆತ್ತಿಕೊಳ್ಳುವುದಿಲ್ಲ ನೋಡಿ. ಆದರೆ ಅರ್ಧ ತಾಸಿಗೊಮ್ಮೆ ಫಿಲ್ಟರ್ ತೆಗೆದು ಹೊರಗೆ ಕುಟ್ಟಬೇಕಿತ್ತು. ಕುಟ್ಟುವಾಗ ಅದೇ ಸಣ್ಣ ಪುಡಿ ಮತ್ತೆ ಮುಖಕ್ಕೇ.

ಅದಕ್ಕೆ ಸೈಕ್ಲೋನ್ ಹಾಕಬೇಕು ಅಂತ ಓದಿದೆ. ಪ್ಲಾಸ್ಟಿಕ್ಕಿನ ಒಂದು ಕೋನು, ಆನ್‌ಲೈನಿನಲ್ಲಿ ಸಿಗುತ್ತದೆ. ಗಾಳಿ ಅದರೊಳಗೆ ಅಡ್ಡದಿಂದ ನುಗ್ಗಿ ಸುತ್ತುತ್ತದೆ, ಭಾರದ ಪುಡಿ ಗೋಡೆಗೆ ಬಡಿದು ಕೆಳಗಿನ ಬಕೆಟಿಗೆ ಜಾರುತ್ತದೆ, ಹಗುರಾದ ಗಾಳಿ ನಡುವಿನಿಂದ ಮೇಲೆ ಹೋಗಿ ವ್ಯಾಕ್ಯೂಮ್ ಸೇರುತ್ತದೆ. ಇಪ್ಪತ್ತು ಲೀಟರಿನ ಖಾಲಿ ಪೇಂಟ್ ಬಕೆಟ್ ಇತ್ತು. ಮುಚ್ಚಳಕ್ಕೆ ತೂತು ಕೊರೆದು ಕೋನು ಕೂರಿಸಿ ಚಾಲೂ ಮಾಡಿದೆ. ಪೈಪಿನ ತುದಿಗೆ ಒಂದು ಎಂಡಿಎಫ್ ಚೂರು ಅಡ್ಡ ಸಿಕ್ಕಿತು, ಅಷ್ಟೇ. ಡಬ್ ಅಂತ ಸದ್ದಾಗಿ ಬಕೆಟಿನ ಹೊಟ್ಟೆ ಒಳಗೆ ಹೋಯಿತು, ಯಾರೋ ಒದ್ದ ಹಾಗೆ. ಒಳಗಿನ ಗಾಳಿಯೆಲ್ಲಾ ಎಳೆದುಕೊಂಡರೆ ಹೊರಗಿನ ಗಾಳಿ ಅದನ್ನು ಹಿಸುಕುತ್ತದೆ, ಶಾಲೆಯಲ್ಲಿ ಓದಿದ್ದೇ. ಎರಡನೇ ಬಕೆಟಿಗೆ ಒಳಗಡೆ ಪ್ಲೈವುಡ್ಡಿನ ಎರಡು ಬಳೆ ಕೊಯ್ದು ಕೂರಿಸಿದೆ. ಆಮೇಲೆ ಬಗ್ಗಲಿಲ್ಲ.

ಬಗ್ಗಲಿಲ್ಲ ಆದರೆ ಕೆಲಸವೂ ಮಾಡಲಿಲ್ಲ! ಅರ್ಧ ಪುಡಿ ಬಕೆಟಿನಲ್ಲಿ, ಅರ್ಧ ಪುಡಿ ಮೊದಲಿನಂತೆ ಫಿಲ್ಟರಿನಲ್ಲಿ. ಕೋನೇ ಕಳಪೆ ಇರಬೇಕು ಅಂತ ಬೈದುಕೊಂಡು ಒಂದು ತಿಂಗಳು ಹಾಗೇ ನಡೆಸಿದೆ.

ನನ್ನ ಗೆಳೆಯನ ಮನೆಯವರದ್ದು ಬೇಳೆ ಮಿಲ್. ನಮ್ಮ ಊರಿನಲ್ಲಿ ತೊಗರಿಗೆ ಸಂಬಂಧ ಇಲ್ಲದ ಮನೆ ಹುಡುಕುವುದೇ ಕಷ್ಟ, 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಜಿಐ ಟ್ಯಾಗ್ ಕೂಡ ಬಂತು. ಯಾವುದೋ ಕೆಲಸಕ್ಕೆ ಅಲ್ಲಿಗೆ ಹೋಗಿದ್ದೆ. ಮಿಲ್ಲಿನ ಮೇಲೆ ತಗಡಿನ ದೊಡ್ಡ ಆಲಿಕೆಯಂಥದ್ದು ನಿಂತಿರುತ್ತದಲ್ಲ, ಎಷ್ಟು ವರ್ಷದಿಂದ ನೋಡಿದ್ದೇನೆ, ಅದು ಏನು ಅಂತ ಕೇಳಿದ್ದೇ ಇಲ್ಲ. ಅವತ್ತು ನೋಡಿದ ಕೂಡಲೇ ಹೊಳೆಯಿತು, ಇದು ನನ್ನ ಪ್ಲಾಸ್ಟಿಕ್ ಕೋನಿನ ಅಣ್ಣ! ತೊಗರಿಯ ಹೊಟ್ಟು ಮತ್ತು ಧೂಳು ಬೇರೆ ಮಾಡುವ ಸೈಕ್ಲೋನ್. ಅಲ್ಲಿ ಮಷಿನ್ ನೋಡಿಕೊಳ್ಳುವ ಕಾಕಾ ಒಬ್ಬರಿದ್ದಾರೆ, ಅವರಿಗೆ ನನ್ನ ಬಕೆಟಿನ ಕಥೆ ಹೇಳಿದೆ. ಅವರು ನಕ್ಕರು.

"ಕೆಳಗಿನ ಬಾಯಿ ಬಂದ್ ಅದ ಏನ್ರಿ?" ಅಂದರು.

"ಬಕೆಟಿನ ಮುಚ್ಚಳ ಹಾಕೀನಿ ಕಾಕಾ."

"ಮುಚ್ಚಳ ಹಾಕಿದ್ರ ಆಗಲ್ಲ. ಉಸುರು ಆಡಬಾರ್ದು. ಕೆಳಗಿಂದ ಒಂದಿಷ್ಟು ಗಾಳಿ ಹೊಕ್ಕಿತಂದ್ರ, ಬಿದ್ದ ಹೊಟ್ಟು ಎಲ್ಲಾ ವಾಪಸ್ ಮ್ಯಾಲ ಹಾರ್ತದ. ಇಲ್ ನೋಡ್ರಿ" ಅಂತ ಕೋನಿನ ಕೆಳಗೆ ಕರೆದುಕೊಂಡು ಹೋಗಿ ತೋರಿಸಿದರು. ಅಲ್ಲಿ ರೆಕ್ಕೆ ರೆಕ್ಕೆಯಾಗಿ ತಿರುಗುವ ಒಂದು ಗಾಲಿ ಇದೆ, ಹೊಟ್ಟನ್ನು ಕೆಳಗೆ ಬಿಡುತ್ತದೆ, ಗಾಳಿಯನ್ನು ಮೇಲೆ ಬಿಡುವುದಿಲ್ಲ.

ಮನೆಗೆ ಬಂದು ಒಂದು ಊದಿನಕಡ್ಡಿ ಹಚ್ಚಿದೆ. ವ್ಯಾಕ್ಯೂಮ್ ಚಾಲೂ ಮಾಡಿ ಬಕೆಟಿನ ಮುಚ್ಚಳದ ಸುತ್ತ ಹಿಡಿದುಕೊಂಡು ಹೋದೆ. ಮೂರು ಕಡೆ ಹೊಗೆ ಸರಕ್ಕನೆ ಒಳಗೆ ಎಳೆದುಕೊಂಡಿತು. ಕೋನು ಮುಚ್ಚಳಕ್ಕೆ ಕೂರುವಲ್ಲಿ ಒಂದು, ಮುಚ್ಚಳದ ಅಂಚಿನಲ್ಲಿ ಎರಡು. ಸೈಕಲ್ ಟ್ಯೂಬ್ ಸೀಳಿ ಅಂಚಿಗೆ ವಾಷರ್ ಮಾಡಿದೆ, ಕೋನಿನ ಬುಡಕ್ಕೆ ಸಿಲಿಕೋನ್ ಬಳಿದೆ. ಅಷ್ಟೇ ಕೆಲಸ, ಐವತ್ತು ರೂಪಾಯಿಯ ಟ್ಯೂಬು. ಮುಂದಿನ ಭಾನುವಾರ ಬಕೆಟ್ ಮುಕ್ಕಾಲು ತುಂಬಿತ್ತು, ವ್ಯಾಕ್ಯೂಮಿನ ತಳದಲ್ಲಿ ಒಂದು ಮುಷ್ಟಿ ಪುಡಿಯೂ ಇರಲಿಲ್ಲ. ಮುಕ್ಕಾಲಿಗೇ ಖಾಲಿ ಮಾಡಬೇಕು, ಕೋನಿನ ಬಾಯಿಯವರೆಗೆ ತುಂಬಿದರೆ ಮತ್ತೆ ಅದೇ ಕಥೆ. ಅತಿ ಸಣ್ಣ ಪುಡಿ ಸೈಕ್ಲೋನ್ ದಾಟಿ ಹೋಗುತ್ತದೆ, ಅದಕ್ಕೆ ಕೊನೆಯಲ್ಲಿ ಒಳ್ಳೆಯ ಫಿಲ್ಟರ್ ಇರಲೇಬೇಕು. ನಾನು ಹೆಪಾ ಹಾಕಿದ್ದೇನೆ, 0.3 ಮೈಕ್ರಾನಿನ ಕಣವನ್ನೂ ನೂರಕ್ಕೆ 99.97ರಷ್ಟು ಹಿಡಿಯುವಂಥದ್ದು. ಸೈಕ್ಲೋನ್ ಇಲ್ಲದಿದ್ದರೆ ಅಷ್ಟು ತುಟ್ಟಿ ಫಿಲ್ಟರ್ ಒಂದೇ ವಾರಕ್ಕೆ ಕಟ್ಟಿಕೊಳ್ಳುತ್ತಿತ್ತು.

ವರ್ಷದ ನಂತರ ರಂದಾ ಮಷಿನ್ ತಂದೆ. ಆಗ ಒಂದು ಎಚ್‌ಪಿಯ ಚೀಲದ ಡಸ್ಟ್ ಕಲೆಕ್ಟರ್ ಬಂತು. ಅಂಗಡಿಯವರು ಹೇಳುವ ಗಾಳಿಯ ಲೆಕ್ಕ ನಂಬಬೇಡಿ, ಅದು ಪೈಪಿಲ್ಲದೆ ಅಳೆದದ್ದು. ನಾಲ್ಕು ಇಂಚಿನ ಪೈಪಿನಲ್ಲಿ ಚಕ್ಕೆ ಕೆಳಗೆ ಕೂರದೆ ಓಡಬೇಕಾದರೆ ನಿಮಿಷಕ್ಕೆ ನಾಲ್ಕು ಸಾವಿರ ಅಡಿ ವೇಗ ಇರಬೇಕು ಅನ್ನುತ್ತಾರೆ, ಅಂದರೆ ನಿಮಿಷಕ್ಕೆ ಸುಮಾರು 350 ಘನ ಅಡಿ ಗಾಳಿ. ನನ್ನ ಮಷಿನಿನ ಮೇಲೆ ಬರೆದದ್ದು ಇದರ ಎರಡು ಪಟ್ಟು, ಆದರೂ ಇಪ್ಪತ್ತು ಅಡಿ ಸುಕ್ಕಿನ ಹೋಸ್ ಹಾಕಿದ ದಿನ ಚಕ್ಕೆ ಅರ್ಧ ದಾರಿಯಲ್ಲೇ ನಿಂತಿತು. ಸುಕ್ಕು ಸುಕ್ಕಾದ ಹೋಸ್ ಗಾಳಿಯನ್ನು ತಿಂದುಬಿಡುತ್ತದೆ. ಈಗ 110 ಎಂಎಂ ಪಿವಿಸಿ ಪೈಪ್, ತಿರುವಿನಲ್ಲಿ 90 ಡಿಗ್ರಿಯ ಒಂದು ಎಲ್ಬೋ ಬದಲು 45 ಡಿಗ್ರಿಯ ಎರಡು ಬೆಂಡು, ಕೊನೆಯ ಮೂರು ಅಡಿ ಮಾತ್ರ ಹೋಸ್.

ಕಲೆಕ್ಟರನ್ನು ಶೆಡ್ಡಿನ ಹೊರಗೆ, ತಗಡಿನ ಸಣ್ಣ ಚಪ್ಪರದ ಕೆಳಗೆ ಇಟ್ಟಿದ್ದೇನೆ. ಚಳಿ ದೇಶದವರು ಬಿಸಿ ಗಾಳಿ ಹೊರಗೆ ಹೋಗುತ್ತದೆ ಅಂತ ಇದಕ್ಕೆ ಹಿಂಜರಿಯುತ್ತಾರೆ, ನಮಗೇನು, ಬಿಸಿ ಗಾಳಿ ಎಷ್ಟು ಹೋದರೂ ಮತ್ತೆ ಬರುತ್ತದೆ. ಸದ್ದೂ ಹೊರಗೆ ಉಳಿಯಿತು. ಜೊತೆಗೆ ಬಂದ ಬಟ್ಟೆ ಚೀಲ ಮೂವತ್ತು ಮೈಕ್ರಾನಿನದ್ದು, ಅಂದರೆ ನಮಗೆ ಬೇಡವಾದ ಪುಡಿಯನ್ನೆಲ್ಲ ಸೋಸದೆ ಊರಿಗೆ ಹಂಚುತ್ತದೆ. ಏಪ್ರಿಲ್‌ನಲ್ಲಿ ಪಕ್ಕದ ಮನೆಯ ಮಾಳಿಗೆಯ ಮೇಲೆ ಸಂಡಿಗೆ ಒಣಹಾಕಿದ್ದರು, ಅಜ್ಜಿ ಕಾಂಪೌಂಡಿನ ಮೇಲಿಂದ ನನ್ನನ್ನು ಕರೆದು ಸಂಡಿಗೆ ತೋರಿಸಿದರು, ಮಾತಾಡಲಿಲ್ಲ. ಒಂದು ಮೈಕ್ರಾನಿನ ಫೆಲ್ಟ್ ಚೀಲ ಹಾಕಿದೆ.

ಬೇಸಿಗೆಯಲ್ಲಿ ಇನ್ನೊಂದು ಕಾಟ. ನಮ್ಮಲ್ಲಿ ಹವೆ ಎಷ್ಟು ಒಣ ಅಂದರೆ ಪಿವಿಸಿ ಪೈಪಿನಲ್ಲಿ ಪುಡಿ ಉಜ್ಜಿ ಓಡುವಾಗ ಸ್ಥಿರ ವಿದ್ಯುತ್ ತುಂಬಿಕೊಂಡು, ಹತ್ತಿರ ಕೈ ಹೋದರೆ ಚಟ್ ಅಂತ ಹೊಡೆಯುತ್ತದೆ. ಪೈಪೇ ಸ್ಫೋಟವಾಗುತ್ತದೆ ಅಂತ ಹೆದರಿಸುವವರು ಇದ್ದಾರೆ. ನಾನು ಹೆದರಿದ್ದು ಬೇರೆಯದಕ್ಕೆ, ತಿರುಗುವ ಗರಗಸದ ಪಕ್ಕ ಕೈ ಬೆಚ್ಚಿಬಿದ್ದರೆ ಏನು ಗತಿ? ಹೊದಿಕೆ ಇಲ್ಲದ ತಾಮ್ರದ ತಂತಿಯನ್ನು ಪೈಪಿಗೆ ಸುತ್ತಿ ಮಷಿನಿನ ಅರ್ಥಿಂಗಿಗೆ ಕೊಟ್ಟೆ, ಈಗ ಹೊಡೆತ ಬಹಳ ಕಡಿಮೆ.

ಕರೆಂಟಿನ ಲೆಕ್ಕವನ್ನೂ ಮೊದಲೇ ಮಾಡಿಕೊಳ್ಳಿ. ನನ್ನ ಟೇಬಲ್ ಸಾ 1,800 ವ್ಯಾಟ್, ವ್ಯಾಕ್ಯೂಮ್ 1,400, ಕೂಡಿಸಿ 230ರಿಂದ ಭಾಗಿಸಿದರೆ ಹತ್ತಿರ ಹತ್ತಿರ 14 ಆಂಪಿಯರ್. ಒಂದೇ ಪ್ಲಗ್ಗಿನಲ್ಲಿ ಎರಡನ್ನೂ ಒಟ್ಟಿಗೆ ಒತ್ತಿದರೆ ಎಂಸಿಬಿ ಬೀಳುತ್ತಿತ್ತು. ಶೆಡ್ಡಿಗೆ ಬೇರೆಯೇ ಲೈನ್ ಎಳೆಸಿ, ದಪ್ಪ ವೈರ್ ಹಾಕಿಸಿದೆ.

ಹೊಟ್ಟನ್ನು ಕೋಳಿ ಸಾಕುವವರು ಒಬ್ಬರು ಒಯ್ಯುತ್ತಾರೆ, ಕೋಳಿಗಳ ಕೆಳಗೆ ಹಾಸಲು. ಪ್ಲೈವುಡ್ ಮತ್ತು ಎಂಡಿಎಫ್ ಪುಡಿ ಮಾತ್ರ ಬೇರೆ ಚೀಲದಲ್ಲಿ ಇಡುತ್ತೇನೆ, ಅದರ ತುಂಬ ಅಂಟು, ಅದನ್ನು ಯಾವ ಪ್ರಾಣಿಯ ಕೆಳಗೂ ಹಾಕಬಾರದು.

ಇನ್ನೂ ಬಗೆಹರಿಯದ್ದು ಟೇಬಲ್ ಸಾದ ಮೇಲ್ಭಾಗ. ಕೆಳಗಿನ ಪೆಟ್ಟಿಗೆಯಿಂದ ಪೈಪ್ ಎಷ್ಟೇ ಎಳೆಯಲಿ, ಬ್ಲೇಡಿನ ಹಲ್ಲು ಮೇಲಿನಿಂದ ಪುಡಿಯನ್ನು ನೇರ ನನ್ನ ಎದೆಗೆ ಎಸೆಯುತ್ತದೆ. ಬ್ಲೇಡಿನ ಮೇಲಿನ ಗಾರ್ಡಿಗೆ ಪೈಪ್ ಕೂರಿಸಲು ಎರಡು ಸಲ ನೋಡಿದೆ, ಎರಡು ಸಲವೂ ಪೈಪು ಹಲಗೆಗೆ ಅಡ್ಡ ಬಂತು. ಸದ್ಯಕ್ಕೆ ಕಿಟಕಿಗೆ ಎಕ್ಸಾಸ್ಟ್ ಫ್ಯಾನು, ಮುಖಕ್ಕೆ ಎನ್95 ಮಾಸ್ಕು, ಮತ್ತು ಆಗುವಷ್ಟು ಕೆಲಸ ಕೈ ರಂದಾದಲ್ಲಿ. ರಂದಾದ ಸುರುಳಿ ಕಾಲಡಿಗೆ ಬೀಳುತ್ತದೆ, ಗಾಳಿಯಲ್ಲಿ ತೇಲುವುದಿಲ್ಲ. ಬೇವಿನ ಎರಡು ಹಲಗೆ ಇನ್ನೂ ಗೋಡೆಗೆ ಒರಗಿ ನಿಂತಿವೆ, ಆ ಗಾರ್ಡಿನ ಪೈಪ್ ಸರಿಹೋಗುವ ತನಕ ಅವನ್ನು ಮುಟ್ಟುವುದಿಲ್ಲ ಅಂತ ಮನೆಯಲ್ಲಿ ಮಾತು ಕೊಟ್ಟಿದ್ದೇನೆ.