ಸ್ಪ್ಯಾಕ್‌ನಲ್ಲಿ ಇಮೇಜ್ ಕಟ್ಟೋ ಮುಂಚೆ ಟಾರ್ಗೆಟ್ ಬರೆದಿಡಿ

ತುಮಕೂರಿನ ಕಾಲೇಜು ಲ್ಯಾಬ್‌ಗಳಲ್ಲಿ ಗ್ರೋಮ್ಯಾಕ್ಸ್, ಲ್ಯಾಂಪ್ಸ್ ಥರದ ಅಣುಗಳ ಸಿಮ್ಯುಲೇಷನ್ ಸಾಫ್ಟ್‌ವೇರ್‌ಗೆ ಕಂಟೇನರ್ ಇಮೇಜ್ (ಬೇಕಾದ್ದೆಲ್ಲ ಒಟ್ಟಿಗೆ ಕಟ್ಟಿ, ಬೇರೆ ಮೆಷಿನ್‌ಗೂ ಒಯ್ಯಬಹುದಾದ ಪೊಟ್ಟಣ) ಮಾಡುವವರಿಗೆ ಒಂದು ಮಾತು: ಇಂಥ ಸಾಫ್ಟ್‌ವೇರ್ ಕಂಪೈಲ್ ಮಾಡಿ ಇನ್‌ಸ್ಟಾಲ್ ಮಾಡಿಕೊಡುವ ಸ್ಪ್ಯಾಕ್‌ನ ವೈಎಎಂಎಲ್ ಫೈಲಿನಲ್ಲಿ (spack.yaml) ಪ್ಯಾಕೇಜಸ್, ಅದರ ಕೆಳಗೆ ಆಲ್, ಅಲ್ಲಿ ‘ಟಾರ್ಗೆಟ್=ಎಕ್ಸ್86_64_ವಿ3’ ಅಂತ ರಿಕ್ವೈರ್ ಸಾಲು ಸೇರಿಸಿ. ಆಮೇಲೆ ‘ಸ್ಪ್ಯಾಕ್ ಕಂಟೇನರೈಸ್’ ಕೊಡಿ. ಇಮೇಜ್ ಕಟ್ಟುವ ಹೆಜ್ಜೆಗಳಿರುವ ಡಾಕರ್‌ಫೈಲ್ ಅನ್ನು ತಾನೇ ಬರೆದುಕೊಡುತ್ತದೆ, ಕಂಪೈಲರ್ ಎಲ್ಲ ಮೊದಲ ಹಂತದಲ್ಲೇ ಉಳಿದು ಕೊನೆಯ ಇಮೇಜ್ ಹಗುರವಾಗಿರುತ್ತದೆ. ಟಾರ್ಗೆಟ್, ಅಂದ್ರೆ ಯಾವ ಥರದ ಪ್ರೊಸೆಸರ್‌ಗೆ ಕಂಪೈಲ್ ಮಾಡಬೇಕು ಅನ್ನೋದು, ಯಾಕೆ ಬರೆಯಬೇಕು ಅಂದ್ರೆ, ಸ್ಪ್ಯಾಕ್ ಸುಮ್ನೆ ಬಿಟ್ಟರೆ ಕಟ್ಟುವ ಮೆಷಿನ್‌ನ ಪ್ರೊಸೆಸರ್‌ಗೇ ತಕ್ಕಂತೆ ಕಂಪೈಲ್ ಮಾಡುತ್ತದೆ. ಹೊಸ ಸರ್ವರ್‌ನಲ್ಲಿ ಚೆನ್ನಾಗಿ ಓಡಿದ ಇಮೇಜ್ ಪಕ್ಕದ ಹಳೇ ಮೆಷಿನ್‌ನಲ್ಲಿ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಅಂತ ಒಂದೇ ಸಾಲು ತೋರಿಸಿ ಸಾಯೋದು ಇದರಿಂದಲೇ. ವಿ3ಗೆ ಪ್ರೊಸೆಸರ್‌ನಲ್ಲಿ ಎವಿಎಕ್ಸ್2 ಅನ್ನೋ ಇನ್‌ಸ್ಟ್ರಕ್ಷನ್‌ಗಳ ಗುಂಪು ಬೇಕು. ಇಂಟೆಲ್‌ನಲ್ಲಿ ಇದು 2013ರ ಹ್ಯಾಸ್ವೆಲ್‌ನಿಂದ ಬಂತು, ಆದರೆ ಆ ಕಾಲದ ಪೆಂಟಿಯಂ, ಸೆಲೆರಾನ್‌ಗಳಲ್ಲಿ ಇಲ್ಲ. ನಮ್ಮ ಲ್ಯಾಬ್‌ಗಳಲ್ಲಿ ಅಂಥವು ಇನ್ನೂ ಇರ್ತವೆ ಅಲ್ವಾ? ‘ಎಲ್‌ಎಸ್‌ಸಿಪಿಯು’ ಕೊಟ್ಟು ನೋಡಿ, ಪಟ್ಟಿಯಲ್ಲಿ avx2 ಇಲ್ಲದಿದ್ದರೆ ವಿ3 ಬದಲು ವಿ2 ಹಾಕಿ. ಹೀಗೆ ಟಾರ್ಗೆಟ್ ಕೆಳಗಿಟ್ಟರೆ, ಎವಿಎಕ್ಸ್512 ಥರದ ಹೊಸ ಇನ್‌ಸ್ಟ್ರಕ್ಷನ್ ಇರುವ ಮೆಷಿನ್‌ನಲ್ಲಿ ಸ್ವಲ್ಪ ವೇಗ ಕಳೆದುಕೊಳ್ಳಬಹುದು. ಅಲ್ಲಿಗೇ ಬೇಕಾದ್ದಾದರೆ ಬೇರೆ ಇಮೇಜ್ ಕಟ್ಟೋದೇ ವಾಸಿ. ಒಂದೇ ಲೆಕ್ಕವನ್ನು ಹಲವು ಮೆಷಿನ್‌ಗಳಿಗೆ ಹಂಚುವ ಎಂಪಿಐ ಓಡಿಸುವಾಗ ಇದು ಸಾಲದು, ಇಮೇಜ್ ಒಳಗಿನ ಎಂಪಿಐ ಹೊರಗೆ ಮೆಷಿನ್‌ನಲ್ಲಿರುವುದಕ್ಕೆ ಹೊಂದಬೇಕು. ಇನ್ನೊಂದು: ಇಡೀ ಇನ್‌ಸ್ಟಾಲ್ ಡಾಕರ್‌ಗೆ ಒಂದೇ ಹೆಜ್ಜೆ. ಮಧ್ಯೆ ಕರೆಂಟ್ ಹೋದರೆ ಮತ್ತೆ ಮೊದಲಿಂದ, ಹಾಗಾಗಿ ಯುಪಿಎಸ್ ಇರುವ ಮೆಷಿನ್‌ನಲ್ಲೇ ಕಟ್ಟಿ.